ಸಿಗ್ನಲ್ ಸಿಗದೆ ನಿಂತ ಮೈ: ಕ್ಯಾಟಟೋನಿಯಾ ಮತ್ತು ನಮ್ಮ ರೋಗನಿರೋಧಕ ವ್ಯವಸ್ಥೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆ ಇಳಿಯುವ ರೈಲು ಎಡಕುಮೇರಿಯಲ್ಲಿ ಕ್ರಾಸಿಂಗ್‌ಗೆ ನಿಲ್ಲೋದನ್ನ ನಿಮ್ಮಲ್ಲಿ ಸುಮಾರು ಜನ ನೋಡಿರ್ತೀರಿ. ಇಂಜಿನ್ ಸರಿಯಾಗಿದೆ, ಹಳಿಯೂ ಸರಿಯಾಗಿದೆ. ಆದ್ರೆ ಇರೋದು ಒಂದೇ ಲೈನ್, ಸಿಗ್ನಲ್ ಬರೋವರೆಗೂ ರೈಲು ಅಲ್ಲಾಡಲ್ಲ. ಮನುಷ್ಯನ ಮೈಯೂ ಹೀಗೆ ನಿಂತುಬಿಡುವ ಒಂದು ಸ್ಥಿತಿ ಇದೆ. ಅದೇ ಕ್ಯಾಟಟೋನಿಯಾ.

ಇದರಲ್ಲಿ ಕೈಕಾಲಿಗೆ ಪಾರ್ಶ್ವವಾಯು ಹೊಡೆದಿರಲ್ಲ. ಆದರೂ ವ್ಯಕ್ತಿ ಮಾತಾಡಲ್ಲ, ಊಟ ಮಾಡಲ್ಲ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂತಿರ್ತಾನೆ. ಕೈ ಎತ್ತಿಟ್ಟರೆ ಮೇಣದ ಗೊಂಬೆಯ ಹಾಗೆ ಕೈ ಅಲ್ಲೇ ಇರುತ್ತೆ. ಕೆಲವರು ನಾವು ಹೇಳಿದ್ದನ್ನೇ ತಿರುಗಿ ಹೇಳ್ತಾರೆ. ಕೆಲವರಲ್ಲಿ ಕಾರಣವಿಲ್ಲದ ಆವೇಶವೂ ಬರುತ್ತೆ. ಜರ್ಮನಿಯ ವೈದ್ಯ ಕಾರ್ಲ್ ಕಾಲ್‌ಬಾಮ್ 1874ರಲ್ಲಿ ಇದಕ್ಕೆ ಈ ಹೆಸರು ಕೊಟ್ಟ. ಆಮೇಲೆ ಬಹಳ ಕಾಲ ಇದನ್ನು ಸ್ಕಿಜೋಫ್ರೀನಿಯಾದ ಒಂದು ಬಗೆ ಅಂತಲೇ ತಿಳಿದಿದ್ದರು. ಈಗ ಗೊತ್ತಾಗಿರೋದು ಏನಂದ್ರೆ, ಖಿನ್ನತೆಯಂಥ ಬೇರೆ ಮಾನಸಿಕ ಕಾಯಿಲೆಗಳಲ್ಲೂ ಇದು ಬರುತ್ತೆ, ದೇಹದ ಕಾಯಿಲೆಗಳಿಂದಲೂ ಬರುತ್ತೆ. ಟೈಫಾಯ್ಡ್ ಜ್ವರದ ಜೊತೆ ಕ್ಯಾಟಟೋನಿಯಾ ಬಂದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಆ್ಯಂಡ್ ಗೇಟ್ ಕೆಟ್ಟಾಗ

ರೋಗನಿರೋಧಕ ವ್ಯವಸ್ಥೆಯ ಪಾತ್ರ ಚೆನ್ನಾಗಿ ಅರ್ಥವಾಗಿರೋದು ಒಂದು ಕಾಯಿಲೆಯಲ್ಲಿ: ಆ್ಯಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ಜೋಸೆಪ್ ಡಾಲ್ಮೌ ಮತ್ತು ಸಹೋದ್ಯೋಗಿಗಳು 2007ರಲ್ಲಿ ಇದನ್ನು ಗುರುತಿಸಿದರು.

ಎನ್‌ಎಂಡಿಎ ರಿಸೆಪ್ಟರ್ ಅಂದ್ರೆ ನರಕೋಶದ ಮೇಲಿರುವ ಒಂದು ಬಾಗಿಲು. ಇಸಿ ಬ್ರಾಂಚಿನವರಿಗೆ ಇದು ಸುಲಭ, ಯಾಕಂದ್ರೆ ಇದು ಆ್ಯಂಡ್ ಗೇಟ್ ಥರ. ಗ್ಲುಟಮೇಟ್ ಬರಬೇಕು, ಗ್ಲೈಸಿನ್ ಇರಬೇಕು, ಅದೇ ಹೊತ್ತಿಗೆ ಕೋಶದ ವೋಲ್ಟೇಜ್ ಏರಿ, ಅಡ್ಡ ಕೂತ ಮೆಗ್ನೀಷಿಯಂ ಅಯಾನು ಸರಿಯಬೇಕು. ಎಲ್ಲಾ ಇನ್‌ಪುಟ್ ಇದ್ದರೆ ಮಾತ್ರ ಕ್ಯಾಲ್ಸಿಯಂ ಒಳಗೆ ಹೋಗುತ್ತೆ.

ವೈರಸ್, ಬ್ಯಾಕ್ಟೀರಿಯಾ ಹಿಡಿಯಬೇಕಾದ ಪ್ರತಿಕಾಯಗಳು ಈ ಕಾಯಿಲೆಯಲ್ಲಿ ಇದೇ ಬಾಗಿಲನ್ನು ಶತ್ರು ಅಂತ ಹಿಡಿಯುತ್ತವೆ. ಎರಡು ರಿಸೆಪ್ಟರ್‌ಗಳನ್ನು ಸೇರಿಸಿ ಕಟ್ಟುತ್ತವೆ. ಕೋಶ ಅವನ್ನು ಒಳಗೆ ಎಳೆದುಕೊಳ್ಳುತ್ತೆ. ಹೀಗೆ ಮೇಲ್ಮೈಯಲ್ಲಿ ಬಾಗಿಲುಗಳೇ ಕಡಿಮೆಯಾಗಿ ನೆನಪು, ವರ್ತನೆ, ಚಲನೆ ಎಲ್ಲಾ ಏರುಪೇರಾಗುತ್ತೆ. ಕೆಲವು ಯುವತಿಯರಲ್ಲಿ ಅಂಡಾಶಯದ ಟೆರಟೋಮಾ ಅನ್ನೋ ಗಡ್ಡೆ ಇದಕ್ಕೆ ಮೂಲ. ಆ ಗಡ್ಡೆಯಲ್ಲಿ ನರದ ಅಂಗಾಂಶ ಇರಬಹುದು, ಅದನ್ನು ನೋಡಿ ರೋಗನಿರೋಧಕ ವ್ಯವಸ್ಥೆ ತಪ್ಪು ಪಾಠ ಕಲಿಯುತ್ತೆ. ಹರ್ಪಿಸ್ ವೈರಸ್ ಮಿದುಳಿಗೆ ತಗುಲಿದ ನಂತರವೂ ಹೀಗಾಗಬಹುದು.

ಸಮಾಧಾನದ ಸಂಗತಿ ಏನಂದ್ರೆ, ಇಲ್ಲಿ ನರಕೋಶ ಹೆಚ್ಚಾಗಿ ಸಾಯಲ್ಲ. ಪ್ರತಿಕಾಯ ತೆಗೆದರೆ ಬಾಗಿಲುಗಳು ಮತ್ತೆ ಬರುತ್ತವೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಸುಮಾರು 80% ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಹೆಚ್ಚು ಲಾಭವಾಗಿತ್ತು. ಆ ರೋಗಿಗಳ ವಯಸ್ಸಿನ ಮಧ್ಯಾಂಕ 21. ಅಂದ್ರೆ ಹೆಚ್ಚುಕಡಿಮೆ ನಮ್ಮ ಕ್ಲಾಸಿನ ವಯಸ್ಸು!

ಚಿಕಿತ್ಸೆ ಎರಡು ಹಂತದಲ್ಲಿ

ಕ್ಯಾಟಟೋನಿಯಾಗೆ ಮೊದಲು ಕೊಡೋದು ಲೊರಾಜೆಪಾಮ್. ಎಷ್ಟೋ ಜನ ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷದಲ್ಲಿ ಮಾತಾಡ್ತಾರೆ. ಅದು ಸಾಕಾಗದಿದ್ದರೆ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಇದೆ. ಆದರೆ ಮೂಲ ಕಾರಣ ಪ್ರತಿಕಾಯ ಆಗಿದ್ದರೆ ಇಷ್ಟೇ ಸಾಲದು. ಬೆನ್ನುಹುರಿಯ ದ್ರವ ತೆಗೆದು ಪರೀಕ್ಷೆ ಮಾಡಬೇಕು. ಸ್ಟೀರಾಯ್ಡ್, ಇಮ್ಯುನೊಗ್ಲೋಬ್ಯುಲಿನ್, ಪ್ಲಾಸ್ಮಾ ಬದಲಾವಣೆಯಂಥ ಚಿಕಿತ್ಸೆ ಬೇಕು. ಗಡ್ಡೆ ಇದ್ದರೆ ತೆಗೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ನರರೋಗ ತಜ್ಞರೂ ಒಂದೇ ಆವರಣದಲ್ಲಿರುವುದು ಇಂಥ ಕಾಯಿಲೆಗೆ ದೊಡ್ಡ ಅನುಕೂಲ.

ತಡವಾದರೆ ಅಪಾಯ. ನೀರು, ಊಟ ಇಲ್ಲದೆ ದೇಹ ಬತ್ತುತ್ತೆ, ಅಲ್ಲಾಡದ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಮಲೆನಾಡಿನಲ್ಲಿ ದಾರಿಯೇ ಒಂದು ಸಮಸ್ಯೆ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ಮಧ್ಯೆ ಗುಡ್ಡ ಕುಸಿದು ರೈಲು ಸಂಚಾರವೇ ನಿಂತಿತ್ತು. ಅಂಥ ಕಡೆಯಿಂದ ಸಕಲೇಶಪುರ, ಹಾಸನ, ಆಮೇಲೆ ಬೆಂಗಳೂರು ಅಂತ ರೋಗಿಯನ್ನು ಕರ್ಕೊಂಡು ಬರೋದು ಸುಲಭ ಅಲ್ಲ. ಅದಕ್ಕೆ ಮೊದಲೇ "ಗಾಳಿ ಸೋಕಿದೆ" ಅಂತ ತಾಯತ ಕಟ್ಟಿಸಿ ವಾರ ಕಳೆದರೆ? ಹಾಸ್ಟೆಲ್‌ನಲ್ಲಿ ನಾವು ಮಾಡೋದೂ ಬೇರೇನಲ್ಲ. "ಎಕ್ಸಾಮ್ ಟೆನ್ಷನ್", "ನಾಟಕ ಮಾಡ್ತಿದಾನೆ" ಅಂದು ಸುಮ್ಮನಾಗ್ತೀವಿ.

ಹಾಗಾಗಿ ಇಷ್ಟು ನೆನಪಿಡಿ. ಜ್ವರ, ತಲೆನೋವು ಬಂದ ಕೆಲವೇ ದಿನಗಳಲ್ಲಿ ಸ್ನೇಹಿತರ ವರ್ತನೆ ಬದಲಾದರೆ, ನೆನಪು ತಪ್ಪಿದರೆ, ಫಿಟ್ಸ್ ಬಂದರೆ, ಮಾತು ನಿಂತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್‌ಗೆ 108. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಯಾವತ್ತಿನಿಂದ ಏನೇನಾಯ್ತು ಅಂತ ವೈದ್ಯರಿಗೆ ಸರಿಯಾಗಿ ಹೇಳಿ. ಮಾತು ನಿಂತವರು ಅದನ್ನು ತಾವೇ ಹೇಳಲಾರರು, ಜೊತೆಗಿರುವ ರೂಮ್‌ಮೇಟೇ ಹೇಳಬೇಕು.