ವೈರಸ್ಸಿನ ಎಳೆ ಕಡಿಯುವ ಗಿಡ

ತೊಗರಿಗೆ ಗೊಡ್ಡು ರೋಗ ಬಿದ್ದಾಗ ಅಂಗಡಿಯಲ್ಲಿ ಕೊಡುವ ಬಾಟಲಿ ನುಸಿ ಕೊಂದೀತು, ಗಿಡದೊಳಗಿನ ವೈರಸ್ಸನ್ನು ಕೊಲ್ಲುವುದಿಲ್ಲ. ಒಳಗಿನ ವೈರಸ್ಸಿಗೆ ಎದುರು ನಿಲ್ಲುವುದು ಗಿಡವೇ. ಹೇಗೆ ಅನ್ನುವುದು ನಮ್ಮಂಥ ಏಳನೇ ಇಯತ್ತೆಯವರಿಗೂ ತಿಳಿಯುವಂಥದ್ದು.

ವೈರಸ್ಸು ಹುಳವಲ್ಲ, ಬೂಷ್ಟೂ ಅಲ್ಲ. ಪ್ರೋಟೀನಿನ ಚೀಲದೊಳಗೆ ಮಡಚಿಟ್ಟ ಒಂದು ಬರಹ, ಅಷ್ಟೆ. ಬೆಳೆಗೆ ಬೀಳುವ ಬಹಳಷ್ಟು ವೈರಸ್ಸುಗಳಲ್ಲಿ ಆ ಬರಹ ಆರ್‌ಎನ್‌ಎ ಎಂಬ ಎಳೆ. ಅದು ಜೀವಕೋಶ ಹೊಕ್ಕು, ಕೋಶದ ಸಾಮಾನಿನಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ನಕಲಾಗುವಾಗ ಎರಡೆಳೆ ಹೆಣೆದುಕೊಳ್ಳುತ್ತವೆ, ಹುರಿ ಹಾಕಿದ ಹಗ್ಗದ ಹಾಗೆ. ಗಿಡದ ಸ್ವಂತ ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಉದ್ದನೆಯ ಜೋಡಿ ಎಳೆ ಕಂಡಿತೋ, ಕಳ್ಳ ಹೊಕ್ಕ ಅಂತಲೇ ಲೆಕ್ಕ.

ಆಗ ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರದ ತುಂಡು ಮಾಡುತ್ತದೆ, ನಾವು ದನಕ್ಕೆ ಕಣಕಿ ಕತ್ತರಿಸಿದಂತೆ. ಆರ್ಗೊನಾಟ್ ಎಂಬ ಇನ್ನೊಂದು ಪ್ರೋಟೀನು ಒಂದು ತುಂಡನ್ನು ಮಾದರಿಯಾಗಿ ಹಿಡಿದು, ಅದಕ್ಕೆ ತಾಳೆಯಾಗುವ ಎಳೆಯನ್ನು ಹುಡುಕಿ ಕಡಿಯುತ್ತದೆ. ತುಂಡುಗಳು ಪಕ್ಕದ ಕೋಶಕ್ಕೂ, ಆಹಾರ ಸಾಗುವ ನಾಳದಲ್ಲಿ ಮೇಲಿನ ಚಿಗುರಿಗೂ ಹೋಗುತ್ತವೆ. ವೈರಸ್ಸು ಮುಟ್ಟುವ ಮೊದಲೇ ಸುದ್ದಿ ಮುಟ್ಟೀತು!

1928ರಲ್ಲಿ ಅಮೆರಿಕದ ವರ್ಜೀನಿಯಾದ ವಿಂಗಾರ್ಡ್ ಎಂಬವರು ತಂಬಾಕಿಗೆ ಉಂಗುರ ಚುಕ್ಕೆ ರೋಗ ತಗುಲಿಸಿ ನೋಡಿದರು. ಕೆಳಗಿನ ಎಲೆ ಸುಟ್ಟವು, ಆಮೇಲೆ ಬಂದ ಮೇಲಿನ ಎಲೆ ಚೊಕ್ಕಟ. ಮತ್ತೆ ತಗುಲಿಸಿದರೂ ಅವಕ್ಕೆ ರೋಗ ಹತ್ತಲಿಲ್ಲ. ಕಾರಣ ತಿಳಿಯಲು 70 ವರ್ಷ ಬೇಕಾಯಿತು. 1999ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಮಿಲ್ಟನ್ ಮತ್ತು ಬೌಲ್‌ಕೂಂಬ್ ಗಿಡದೊಳಗೆ ಈ ಸಣ್ಣ ತುಂಡುಗಳನ್ನು ಕಂಡರು.

ಇಷ್ಟಿದ್ದೂ ಬೆಳೆ ಯಾಕೆ ಹಾಳಾಗುತ್ತದೆ? ವೈರಸ್ಸೇನು ದಡ್ಡನಲ್ಲ. ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್ಸಿನ ಕುಲದವು ಈ ಕತ್ತರಿ ಕೆಲಸವನ್ನೇ ತಡೆಯುವ ಪ್ರೋಟೀನು ತಯಾರಿಸುತ್ತವೆ. ಚಳಿಯೂ ಅವಕ್ಕೆ ಅನುಕೂಲ: ತಂಬಾಕಿನ ಜಾತಿಯ ಗಿಡದಲ್ಲಿ 15 ಡಿಗ್ರಿಗೆ ಕತ್ತರಿ ಕುಂಟುತ್ತದೆ, 27ಕ್ಕೆ ಚುರುಕಾಗುತ್ತದೆ.

ಇನ್ನೊಂದು. ಚೇತರಿಸಿಕೊಂಡ ಗಿಡದಲ್ಲಿ ವೈರಸ್ಸು ಪೂರ್ತಿ ಅಳಿದಿರುವುದಿಲ್ಲ. ವಿಂಗಾರ್ಡರ ತಂಬಾಕಿನಲ್ಲೂ ಉಳಿದಿತ್ತು. ಹಾಗಾಗಿ ತೊಗರಿಯಲ್ಲಿ ಹೂ ಕಾಯಿ ಇಲ್ಲದೆ ತಿಳಿಹಸಿರಾಗಿ ಪೊದೆಗಟ್ಟಿದ ಗಿಡವನ್ನು, ಮುಂದೆ ಸರಿಹೋದೀತು ಅಂತ ಬಿಡಬೇಡಿ. ಕಣ್ಣಿಗೆ ಕಾಣದ ನುಸಿ ಅದರಿಂದಲೇ ಗಾಳಿಯಲ್ಲಿ ಪಕ್ಕದ ಹೊಲಕ್ಕೂ ಹೋಗುತ್ತದೆ. ಎಳೆಯದಿರುವಾಗಲೇ ಕಿತ್ತು ಸುಡಿ. ಬದುವಿನಲ್ಲಿ ಉಳಿದ ಹಳೇ ಕೂಳೆ ತೊಗರಿಯನ್ನೂ ಬಿತ್ತನೆಗೆ ಮೊದಲೇ ತೆಗೆಯಿರಿ. ತಳಿ ಆರಿಸುವಾಗ ನೆನಪಿರಲಿ: ಮಾರುತಿ ನೆಟೆ ರೋಗ ತಡೆಯುತ್ತದೆ, ಗೊಡ್ಡಿಗೆ ಸೋಲುತ್ತದೆ, ಆಶಾ ಎರಡನ್ನೂ ತಡೆಯುವ ತಳಿ ಅಂತಲೇ ಬಂದದ್ದು.