ಹುಟ್ಟಿನ ತೂಕ ಕಲಿಸಿದ ಪಾಠ

ಚಳಿಗಾಲ ಬಂತೆಂದರೆ ವಫ್ರಾದ ತೋಟಗಳಿಂದ ತಾಜಾ ಸೊಪ್ಪು, ತರಕಾರಿಗಳನ್ನು ಚೀಲ ತುಂಬ ತರುತ್ತೇವೆ. ಆದರೂ ನಮ್ಮಲ್ಲಿ ಅನೇಕರಿಗೆ ಬೊಜ್ಜು, ಸಕ್ಕರೆ ಕಾಯಿಲೆ ತಪ್ಪಿಲ್ಲ. ಬಾಯಿಚಪಲವೊಂದೇ ಇದಕ್ಕೆ ಕಾರಣವೇ? ಅಲ್ಲ ಎನ್ನುತ್ತದೆ ನಮ್ಮ ಮೈಸೂರಿನಲ್ಲಿ ನಡೆದ ಸಂಶೋಧನೆ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆಸ್ಪತ್ರೆಯವರೂ ಇಂಗ್ಲೆಂಡಿನ ಸೌತಾಂಪ್ಟನ್ ಸಂಶೋಧಕರೂ ಕೈಜೋಡಿಸಿ, 1934ರಿಂದ 1954ರೊಳಗೆ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು.

1997ರಲ್ಲಿ ಅಲ್ಲೇ ‘ಪಾರ್ಥೆನಾನ್’ ಅಧ್ಯಯನ ಆರಂಭವಾಯಿತು. ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5ನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಾಗಿ ಕಂಡಿತು.

ಇದರಿಂದ ನಾವು ಕಲಿಯಬೇಕಾದದ್ದೇನು?

ದಪ್ಪಗಿರುವವರನ್ನು ಹಂಗಿಸಬಾರದು. ಗರ್ಭಿಣಿಯರು ಸಕ್ಕರೆ ಪರೀಕ್ಷೆ ತಪ್ಪಿಸಬಾರದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಭಾರತೀಯರಾದ ನಾವು ಎಚ್ಚರಗೊಳ್ಳಬೇಕು.

ಇಂಥ ಸಂಶೋಧನೆಗೆ ಹಣವೂ ಬೇಕು, ಅದಕ್ಕಿಂತ ಹೆಚ್ಚಾಗಿ ಮನೆಮಂದಿಯ ಸಹಕಾರ ಬೇಕು. ಮೈಸೂರಿನ ಕುಟುಂಬಗಳು ಮತ್ತೆ ಮತ್ತೆ ಬಂದು ಅಳತೆ ಕೊಟ್ಟಿದ್ದರಿಂದಲೇ ಈ ಅರಿವು ನಮಗೆ ದಕ್ಕಿತು. ಕುವೈತಿನಲ್ಲೂ 2006ರಲ್ಲಿ ಸ್ಥಾಪನೆಯಾದ ದಸ್ಮಾನ್ ಮಧುಮೇಹ ಸಂಸ್ಥೆ ಸಂಶೋಧನೆ ನಡೆಸುತ್ತಿದೆ. ಯಾವುದೇ ಅಧ್ಯಯನಕ್ಕೆ ಕರೆ ಬಂದರೆ ಉದ್ದೇಶ ಕೇಳಿ ತಿಳಿದು, ಒಪ್ಪಿಗೆಯಾದರೆ ಭಾಗವಹಿಸೋಣ. ಮಕ್ಕಳ ಹುಟ್ಟಿನ ತೂಕದ ಚೀಟಿಯನ್ನು ಜೋಪಾನವಾಗಿಡೋಣ. ಮುಂದಿನ ಪೀಳಿಗೆಗೆ ಇದೂ ಒಂದು ದಾನವೇ.