ಕೊಟ್ಟಿಗೆಯಲ್ಲಿ ಓಟದ ಕಾರು

ಕರ್ಜಗಿಯೆಂದೊಡನೆ ನಮ್ಮ ಕಡೆಯ ಜನರಿಗೆ ಕಾರಹುಣ್ಣಿಮೆಯ ನೆನಪಾಗುತ್ತದೆ. ಎತ್ತುಗಳನ್ನು ಸಿಂಗರಿಸಿ ಬಂಡಿ ಹೂಡುವ ಹಬ್ಬವದು. ಅಚ್ಚು ಸವೆದಿದೆಯೇ, ಗಾಲಿಯ ಹಳಿ ಸಡಿಲವಾಗಿದೆಯೇ, ಕೀಲು ಗಟ್ಟಿಯಾಗಿದೆಯೇ ಎಂದು ನೋಡದೆ ತಿಳಿದ ರೈತನು ಎತ್ತುಗಳನ್ನು ಓಟಕ್ಕೆ ಬಿಡುವುದಿಲ್ಲ. ಎತ್ತಿನ ಬಲ ಎಷ್ಟೇ ಇರಲಿ, ಗಾಲಿ ಗಟ್ಟಿಯಿಲ್ಲದಿದ್ದರೆ ಆ ಬಲವೇ ಬಂಡಿಗೆ ಕೇಡು. ಈ ಮಾತು ಬಂಡಿಗೆ ಹೇಗೋ ಮೋಟಾರು ಕಾರಿಗೂ ಹಾಗೆಯೇ ಸಲ್ಲುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಹಳೆಯ ಕಾರೊಂದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸದಲ್ಲಿ ನನ್ನ ಸೋದರಮಾವನಿಗೆ ಎರಡು ವರ್ಷ ಕೈಯಾಸರೆಯಾಗಿ ನಿಂತದ್ದರಿಂದ ನನಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು, ಓಟದ ಕಾರು ಎಂದರೇನು? ಎಂಜಿನ್ ದೊಡ್ಡದಾದರೆ ಓಟದ ಕಾರಾಯಿತೆಂದು ಬಹುಮಂದಿ ತಿಳಿಯುತ್ತಾರೆ. ಅದು ಪೂರ್ಣ ಸತ್ಯವಲ್ಲ. ಹಗುರವಾದ ಮೈ, ನೆಲಕ್ಕೆ ಹತ್ತಿರವಾದ ಭಾರ, ತಿರುವಿನಲ್ಲಿ ಚಾಲಕನ ಕೈಗೆ ಮಣಿಯುವ ಗಾಲಿ, ಬೇಕೆಂದಲ್ಲಿ ನಿಲ್ಲಿಸಬಲ್ಲ ಬ್ರೇಕು ಇವು ಕೂಡಿದರೆ ಸಣ್ಣ ಎಂಜಿನ್ನೂ ಸಾಕು. ನಮ್ಮ ಬೆಂಗಳೂರಿನ ಸ್ಯಾನ್ ಮೋಟರ್ಸ್ ಸಂಸ್ಥೆಯವರು ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಹೊರತಂದ ‘ಸ್ಟಾರ್ಮ್’ ಎಂಬ ಎರಡು ಆಸನದ ಕಾರಿಗೆ ಇದ್ದದ್ದು 1149 ಘನ ಸೆಂಟಿಮೀಟರಿನ ರೆನೋ ಎಂಜಿನ್ ಮಾತ್ರ. ಅದರ ಮೈ ಫೈಬರ್ ಗ್ಲಾಸಿನದು. ಬಲವನ್ನು ಹೆಚ್ಚಿಸುವ ಬದಲು ಭಾರವನ್ನು ಇಳಿಸುವುದು ಇಂಥ ಕಾರುಗಳ ತತ್ತ್ವ.

ನಮ್ಮ ಕೈಗೆ ಬಂದದ್ದು ಸ್ಟಾರ್ಮ್ ಅಲ್ಲ, ಅದಕ್ಕಿಂತ ಹಳೆಯದಾದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, 1966ರಲ್ಲಿ ನೋಂದಣಿಯಾದದ್ದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಹುಟ್ಟಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು 1961ರಿಂದ ಅದನ್ನು ನಮ್ಮ ದೇಶದಲ್ಲಿ ತಯಾರಿಸಿತು. ರೇಖೆ ಎಳೆದವನು ಇಟಲಿಯ ಜೊವಾನ್ನಿ ಮಿಕೆಲೋಟ್ಟಿ. ಇದೇ ಹೆರಾಲ್ಡಿನ ಚಾಸಿಯನ್ನು ಆಧಾರವಾಗಿಟ್ಟುಕೊಂಡು, ಅದನ್ನು ಮೊಟಕುಗೊಳಿಸಿ, 1962ರಲ್ಲಿ ‘ಸ್ಪಿಟ್‌ಫೈರ್’ ಎಂಬ ಹೆಸರಾಂತ ಓಟದ ಕಾರನ್ನು ಮಾಡಿದರು. ಆದ್ದರಿಂದ ಹೆರಾಲ್ಡ್ ಸಂಸಾರಸ್ಥರ ಕಾರಾದರೂ ಓಟದ ಕಾರಿನ ಒಡಹುಟ್ಟು. ಮದರಾಸಿನ ಬಳಿಯ ಶೋಳಾವರಂ ವಿಮಾನಪಥದಲ್ಲಿ ಬಹುಕಾಲ ನಡೆದ ಪಂದ್ಯಗಳಲ್ಲಿ ಹೆರಾಲ್ಡುಗಳೂ, ಮನೆಯ ಗ್ಯಾರೇಜಿನಲ್ಲಿಯೇ ಮಾರ್ಪಡಿಸಿದ ‘ಸ್ಪೆಷಲ್’ ಕಾರುಗಳೂ ಓಡಿದ್ದುಂಟು.

ಮನೆಯಲ್ಲಿ ಕೆಲಸ ಮಾಡುವವರಿಗೆ ಹೆರಾಲ್ಡ್ ಒಗ್ಗುವುದಕ್ಕೆ ಒಂದು ಕಾರಣವಿದೆ. ಆ ಕಾಲಕ್ಕೆ ಇತರ ಕಾರುಗಳ ಮೈಯೂ ಚೌಕಟ್ಟೂ ಒಂದಾಗಿ ಬೆಸೆದುಕೊಂಡಿರುತ್ತಿದ್ದವು. ಹೆರಾಲ್ಡಿನ ಕಂಪನಿಯವರಿಗೆ ಇಡೀ ಮೈಯನ್ನು ಒಂದೇ ಕಡೆ ಮಾಡಿಕೊಡುವವರು ಸಿಗದೆ ಹೋದುದರಿಂದ, ಬೇರೆಯೇ ಒಂದು ಉಕ್ಕಿನ ಚಾಸಿ ಮಾಡಿ ಅದರ ಮೇಲೆ ಮೈಯನ್ನು ಭಾಗಭಾಗವಾಗಿ ಬೋಲ್ಟಿನಿಂದ ಕೂಡ್ರಿಸಿದರು. ಮಾಡು ಸಹ ಬೋಲ್ಟಿನಿಂದಲೇ ನಿಂತಿದೆ. ಮುಂಭಾಗದ ಬಾನೆಟ್ಟು ಮುಂದಕ್ಕೆ ಬಾಗಿ ತೆರೆದರೆ ಎಂಜಿನ್ನೂ ಮುಂಗಾಲಿಗಳೂ ಪೂರ್ತಿ ಕಾಣುತ್ತವೆ. ಕ್ರೇನು ಇಲ್ಲದ ನಮ್ಮ ಕೊಟ್ಟಿಗೆಯಲ್ಲಿ, ಜಂತಿಗೆ ಕಟ್ಟಿದ ಚೈನ್ ಪುಲ್ಲಿ ಮತ್ತು ನಾಲ್ಕು ಜನರ ಭುಜ ಇವುಗಳಿಂದಲೇ ಮೈಯನ್ನು ಎತ್ತಿ ಇಳಿಸಲು ಸಾಧ್ಯವಾಯಿತು.

ಬಿಚ್ಚುವ ಕೆಲಸ ಸುಲಭ. ಕ್ರಮವಾಗಿ ಬಿಚ್ಚುವುದು ಕಠಿಣ. ಪ್ರತಿ ಬೋಲ್ಟನ್ನೂ ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು, ಚಿತ್ರ ತೆಗೆಯುವುದು, ವಹಿಯಲ್ಲಿ ಬರೆದಿಡುವುದು ನನ್ನ ಪಾಲಿಗೆ ಬಂತು. ಆಮೇಲೆ ಚಾಸಿಯ ಪರೀಕ್ಷೆ. ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ಕರ್ಣಗಳನ್ನು ಅಳೆದರೆ ಅವು ಸಮವಾಗಿರಬೇಕು. ಇಲ್ಲವಾದರೆ ಚಾಸಿ ಹಿಂದೆಂದೋ ಪೆಟ್ಟು ತಿಂದು ಓರೆಯಾಗಿದೆಯೆಂದು ತಿಳಿಯಬೇಕು. ನಮ್ಮದು ನೆಟ್ಟಗಿತ್ತು. ಆದರೆ ಮೈಗೆ ಆಧಾರವಾದ ಅಡ್ಡತೋಳುಗಳನ್ನು ತುಕ್ಕು ತಿಂದಿತ್ತು. ಸಣ್ಣ ಸುತ್ತಿಗೆಯಿಂದ ಬಡಿದಾಗ ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತುಕ್ಕು ಹಿಡಿದದ್ದು ಮಣ್ಣಿನಂತೆ ಸದ್ದು ಮಾಡುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಬೆಸೆದು, ರೆಡ್ ಆಕ್ಸೈಡ್ ಬಳಿದೆವು.

ಮುಂದಿನ ಹೆಜ್ಜೆ ಎಂಜಿನ್ ಆಗಿರಬೇಕೆಂದು ನಾವು ಹುಡುಗರೆಲ್ಲ ಬಯಸಿದೆವು. ಮಾವ ಒಪ್ಪಲಿಲ್ಲ. “ಓಡೂದು ಎಂಜಿನ್ ಕೆಲಸ, ನಿಲ್ಲಸೂದು ನಮ್ಮ ಕೆಲಸ. ಮೊದಲ ನಮ್ಮ ಕೆಲಸ ಮುಗಸೂಣು” ಎಂದರು. ಈ ಮಾತಿನ ಹಿಂದಿನ ಗಣಿತವನ್ನು ಕಲಾ ವಿಭಾಗದ ಮಿತ್ರರೂ ಸುಲಭವಾಗಿ ತಿಳಿಯಬಹುದು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆ. 800 ಕಿಲೋ ತೂಗುವ ಕಾರು ಗಂಟೆಗೆ 60 ಕಿಲೋಮೀಟರು ಓಡುವಾಗ ಅದರ ಚಲನಶಕ್ತಿ ಸುಮಾರು 1,11,000 ಜೂಲ್. 90 ಕಿಲೋಮೀಟರು ಓಡುವಾಗ 2,50,000 ಜೂಲ್. ವೇಗ ಒಂದೂವರೆ ಪಟ್ಟಾದರೆ ಶಕ್ತಿ ಎರಡೂ ಕಾಲು ಪಟ್ಟು. ಕಾರು ನಿಲ್ಲಬೇಕಾದರೆ ಆ ಶಕ್ತಿಯ ಬಹುಭಾಗ ಬ್ರೇಕಿನ ಘರ್ಷಣೆಯಲ್ಲಿ ಉಷ್ಣವಾಗಿ ಹೊರಹೋಗಬೇಕು. ಡ್ರಮ್ಮಿನೊಳಗೆ ಕಾವು ಹೆಚ್ಚಿದಂತೆ ಬ್ರೇಕಿನ ಹಿಡಿತ ಸಡಿಲುತ್ತದೆ. ಸ್ಪಿಟ್‌ಫೈರಿಗೆ ಹುಟ್ಟಿನಿಂದಲೇ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಇಟ್ಟದ್ದು ಅಲಂಕಾರಕ್ಕಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಹೆರಾಲ್ಡಿನ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು. ಅವುಗಳಿಗೆಲ್ಲ ಎಣ್ಣೆ ಹೋಗುವುದು ಒಂದೇ ವ್ಯವಸ್ಥೆಯಿಂದ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಕಾಲ ಕೆಳಗಿನ ಪೆಡಲು ನೆಲಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಗಾಲಿಯ ಸಿಲಿಂಡರುಗಳ ರಬ್ಬರು, ಲೋಹದ ಪೈಪು, ಬಳುಕುವ ಹೋಸು ಎಲ್ಲವನ್ನೂ ಹೊಸದಾಗಿ ಹಾಕಿದೆವು. ಕೈಬ್ರೇಕು ಎಣ್ಣೆಯನ್ನು ನೆಚ್ಚದೆ ತಂತಿಯಿಂದ ನಡೆಯುವುದರಿಂದ ಅದನ್ನೂ ಬಿಗಿಯಾಗಿ ಹೊಂದಿಸಿದೆವು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಎಣ್ಣೆ ಬೇಗನೆ ಕುದಿದು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಕಾರು ಓಡಲಿ, ನಿಂತಿರಲಿ, ಕಾಲಕಾಲಕ್ಕೆ ಎಣ್ಣೆಯನ್ನು ಬದಲಿಸಬೇಕೆನ್ನುವುದು ಈ ಕಾರಣಕ್ಕೆ.

ಬ್ರೇಕಿನ ನಂತರ ಗಾಲಿಯ ಕಟ್ಟು. ಮುಂಗಾಲಿಯನ್ನು ಹೊತ್ತ ನೆಟ್ಟನೆಯ ಕಂಬದ ಬುಡದಲ್ಲಿ ಟ್ರನಿಯನ್ ಎಂಬ ಹಿತ್ತಾಳೆಯ ಬಣ್ಣದ ತುಂಡೊಂದಿದೆ. ಗಾಲಿ ತಿರುಗಿದಾಗಲೆಲ್ಲ ಕಂಬದ ತಿರುಪು ಅದರೊಳಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಗ್ರೀಸಲ್ಲ, 90ರ ಗೇರ್ ಎಣ್ಣೆ. ಗ್ರೀಸು ತಿರುಪಿನ ಆಳಕ್ಕೆ ಇಳಿಯದೆ ಮೇಲೆಯೇ ಗಟ್ಟಿಯಾಗುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬವೇ ಮುರಿದು ಗಾಲಿ ಮಲಗಿಬಿಡುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದ ರೈತನನ್ನು ಊರು ನಗುತ್ತದೆ. ಹೆರಾಲ್ಡಿಗೆ ಈ ಎಣ್ಣೆ ಹಾಕದವನ ಮೇಲೆ ನಗಲು ಸಹ ಸಮಯ ಸಿಗಲಾರದು.

ಹಿಂಗಾಲಿಯದು ಇನ್ನೂ ಸೂಕ್ಷ್ಮವಾದ ವಿಷಯ. ಬಂಡಿಯ ಅಚ್ಚು ಒಂದೇ ತುಂಡು. ಆದ್ದರಿಂದ ಗಾಲಿಗಳು ಸದಾ ಒಂದಕ್ಕೊಂದು ಸಮಾನವಾಗಿ ನಿಲ್ಲುತ್ತವೆ. ಹೆರಾಲ್ಡಿನಲ್ಲಿ ನಡುವಿನ ಗೇರುಪೆಟ್ಟಿಗೆಯಿಂದ ಎರಡು ಅಚ್ಚುಗಳು ಹಕ್ಕಿಯ ರೆಕ್ಕೆಗಳಂತೆ ಬೇರೆಬೇರೆಯಾಗಿ ಏರಿಳಿಯುತ್ತವೆ. ಮೇಲೆ ಅಡ್ಡಲಾಗಿ ಒಂದು ಪಟ್ಟಿಯ ಸ್ಪ್ರಿಂಗು. ಹಳ್ಳದಿಣ್ಣೆಯ ದಾರಿಗೆ ಇದು ಹಿತ. ಆದರೆ ವೇಗವಾಗಿ ತಿರುಗುವಾಗ ಚಾಲಕನು ಹೆದರಿ ತಟ್ಟನೆ ಬ್ರೇಕು ಒತ್ತಿದರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಗಾಲಿಗಳ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ, ನೆಲದ ಹಿಡಿತ ತಪ್ಪುತ್ತದೆ. ಕಂಪನಿಯವರು 1970ರ ನಾಲ್ಕನೆಯ ಮಾದರಿಯ ಸ್ಪಿಟ್‌ಫೈರಿನಲ್ಲಿ ಸ್ಪ್ರಿಂಗಿನ ಎಲೆಗಳು ನಡುವೆ ತೂಗುವಂತೆ ಮಾಡಿ ಈ ದೋಷವನ್ನು ಬಹುಮಟ್ಟಿಗೆ ಕಳೆದರು. ನಾವು ಸೋತ ಸ್ಪ್ರಿಂಗಿಗೆ ಹೊಸ ಎಲೆ ಹಾಕಿಸಿ, ಎರಡು ಗಾಲಿಗಳ ಓರೆಯನ್ನು ಸಮಮಾಡಿ, 13 ಅಂಗುಲದ ಗಾಲಿಗೆ ರೇಡಿಯಲ್ ಟೈರುಗಳನ್ನು ತೊಡಿಸಿದೆವು. ತಿರುವಿನ ಮುಂಚೆಯೇ ನಿಧಾನಿಸುವುದು, ತಿರುವಿನೊಳಗೆ ಬ್ರೇಕು ಒತ್ತದಿರುವುದು ಚಾಲಕನು ಕಲಿಯಬೇಕಾದ ಪಾಠ.

ಇಷ್ಟೆಲ್ಲ ಆದ ಮೇಲೆ ಎಂಜಿನ್ನಿನ ಸರದಿ. ಹೆರಾಲ್ಡಿನ ನಾಲ್ಕು ಸಿಲಿಂಡರುಗಳ ವ್ಯಾಸ 63 ಮಿಲಿಮೀಟರು, ಪಿಸ್ಟನ್ನಿನ ಓಟ 76 ಮಿಲಿಮೀಟರು. ಲೆಕ್ಕ ಹಾಕಿದರೆ ಒಟ್ಟು 948 ಘನ ಸೆಂಟಿಮೀಟರು. ಮೈಕ್ರೋಮೀಟರಿನಿಂದ ನೋಡಿದಾಗ ಸಿಲಿಂಡರುಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಲೇಥಿನಲ್ಲಿ ಅರ್ಧ ಮಿಲಿಮೀಟರು ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದೆವು. ಇದರಿಂದ ಎಂಜಿನ್ ದೊಡ್ಡದಾಯಿತೆಂದು ಗೆಳೆಯರು ಹಿಗ್ಗಿದರು. ಹೆಚ್ಚಿದ್ದು 15 ಘನ ಸೆಂಟಿಮೀಟರು, ಅಂದರೆ ಮೂರು ಚಮಚೆ ನೀರಿನಷ್ಟು! ಸ್ಪಿಟ್‌ಫೈರಿನ ಮೊದಲ ಎಂಜಿನ್ನಿಗೂ ಓಟ ಇದೇ 76 ಮಿಲಿಮೀಟರು; ವ್ಯಾಸವನ್ನು 69.3ಕ್ಕೆ ಏರಿಸಿ 1147 ಘನ ಸೆಂಟಿಮೀಟರು ಮಾಡಿದ್ದರು. ಆದರೂ ಮೊದಲ ಹೆರಾಲ್ಡಿನ ಸುಮಾರು 35 ಅಶ್ವಶಕ್ತಿ ಅದರಲ್ಲಿ 63ಕ್ಕೆ ಏರಿದ್ದು ಗಾತ್ರದಿಂದ ಮಾತ್ರವಲ್ಲ. ಜೋಡಿ ಕಾರ್ಬುರೇಟರಿನಂಥ ಉಪಾಯಗಳಿಂದ ಉಸಿರಾಟ ಸರಾಗವಾಯಿತು. ಎಂಜಿನ್ನೆಂಬುದು ಮೂಲತಃ ಗಾಳಿಯನ್ನು ಒಳಗೆಳೆದು ಹೊರಬಿಡುವ ಯಂತ್ರವೆಂಬುದನ್ನು ಮರೆಯಲಾಗದು.

ಇಂದಿನ ಪೆಟ್ರೋಲು ಹೆರಾಲ್ಡಿನ ಕಾಲದ ಪೆಟ್ರೋಲಲ್ಲ. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆಸುವುದನ್ನು ನಿಲ್ಲಿಸಿದರು. ಹಳೆಯ ಎಂಜಿನ್ನುಗಳ ಕವಾಟದ ಪೀಠಕ್ಕೆ ಆ ಸೀಸವೇ ರಕ್ಷಣೆಯಾಗಿತ್ತು. ಆದ್ದರಿಂದ ಗಟ್ಟಿ ಉಕ್ಕಿನ ಪೀಠ ಕೂಡ್ರಿಸಬೇಕಾಯಿತು. ಈಗ ಪೆಟ್ರೋಲಿಗೆ ಎಥನಾಲ್ ಬೆರೆಯುತ್ತದೆ, 20 ಪ್ರತಿಶತದವರೆಗೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಎಥನಾಲಿಗೆ ತಾಳುವ ಹೋಸುಗಳನ್ನೇ ಆರಿಸಿ ಹಾಕಿದೆವು.

ಕೊನೆಗೆ ನಿಜವಾದ ವಾದ ಹುಟ್ಟಿತು. ಮಾವನ ಮಗ ಕೇಳಿದ: “ಅಪ್ಪಾ, ಮಾಡು ಬಿಚ್ಚಿ, ಹಿಂದಿನ ಸೀಟು ತಗದು, ಚಾಸಿ ಎಂಟೂವರಿ ಇಂಚು ಕಡದರ ಸ್ಪಿಟ್‌ಫೈರ್ ಆತಲ್ಲ?” ಅವನ ಲೆಕ್ಕ ತಪ್ಪಲ್ಲ. ಹೆರಾಲ್ಡಿನ ಎರಡು ಅಚ್ಚುಗಳ ನಡುವಿನ ಅಂತರ 91.5 ಅಂಗುಲ, ಸ್ಪಿಟ್‌ಫೈರಿನದು 83. ಆದರೆ ಸ್ಪಿಟ್‌ಫೈರಿನಲ್ಲಿ ಚಾಸಿಯ ಪಕ್ಕದ ತೊಲೆಗಳೇ ಇಲ್ಲ. ಆ ಭಾರವನ್ನು ಅದರ ಮೈಯ ಕೆಳಅಂಚು ಹೊರುತ್ತದೆ. ಉದ್ದ ಕಡಿದ ಮಾತ್ರಕ್ಕೆ ಒಂದು ಇನ್ನೊಂದಾಗದು. ಮಾವ ಇಷ್ಟೇ ಹೇಳಿದರು: “ಕಡಿಯೂದು ಒಂದ ದಿನದ ಕೆಲಸಪ್ಪಾ. ಕಡದಿದ್ದು ಮತ್ತ ಕೂಡಸಾಕ ಬರಾಂಗಿಲ್ಲ.”

ಕಾನೂನು ಕೂಡ ಮಾವನ ಪಕ್ಷದಲ್ಲಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಪಂದ್ಯದ ಪಥಕ್ಕಾಗಿಯೇ ಕಟ್ಟಿದ ಕಾರಿನ ಮಾತು ಬೇರೆ. ಅದು ಸಾರ್ವಜನಿಕ ರಸ್ತೆಗೆ ಇಳಿಯತಕ್ಕದ್ದಲ್ಲ. 2021ರಲ್ಲಿ ಬಂದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಯಲ್ಲಾಗಲಿ ಮೈಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಟು ಹೊಂದದ ಕಾರನ್ನು ‘ವಿಂಟೇಜ್’ ಎಂದು ದಾಖಲಿಸಿ, ‘ವಿಎ’ ಅಕ್ಷರಗಳುಳ್ಳ ಫಲಕ ಪಡೆಯಬಹುದು. ಅಂಥ ಕಾರು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗೆ ಬರಬಹುದು. ಚಾಸಿ ಕಡಿದಿದ್ದರೆ ಈ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಮಾವನ ಎರಡು ವರ್ಷದ ದುಡಿಮೆಯೂ ಕೂಡಿಟ್ಟ ಹಣವೂ ಗುಜರಿಯ ತೂಕಕ್ಕೆ ಇಳಿಯುತ್ತಿದ್ದವು.

ನಾವು ಸಾಹಿತ್ಯದ ತರಗತಿಯಲ್ಲಿ ಗ್ರಂಥ ಸಂಪಾದನೆಯ ಮಾತು ಕೇಳುತ್ತೇವೆ. ಒಳ್ಳೆಯ ಸಂಪಾದಕನು ಗೆದ್ದಲು ತಿಂದ ಓಲೆಯ ಪಾಠವನ್ನು ಶ್ರಮಪಟ್ಟು ಕೂಡಿಸುತ್ತಾನೆ, ಆದರೆ ಕವಿಯ ಪದ್ಯವನ್ನು ತಾನೇ ತಿದ್ದಿ ಉತ್ತಮಗೊಳಿಸಲು ಹೋಗುವುದಿಲ್ಲ. ತನ್ನ ಸೂಚನೆಯನ್ನು ಅಡಿಟಿಪ್ಪಣಿಯಲ್ಲಿಡುತ್ತಾನೆ. ರೇಡಿಯಲ್ ಟೈರು, ಹೊಸ ಹೋಸು, ಗಟ್ಟಿ ಕವಾಟಪೀಠ ಇವು ನಮ್ಮ ಅಡಿಟಿಪ್ಪಣಿಗಳು. ಇವು ಕಾರನ್ನು ಇಂದಿನ ರಸ್ತೆಯಲ್ಲಿ ಕಾಯುತ್ತವೆ, ಅದರ ಮೂಲಪಾಠವನ್ನು ಕೆಡಿಸುವುದಿಲ್ಲ. ವಾಹನವನ್ನು ಸುಧಾರಿಸುವುದೆಂದರೆ ಅದರ ಬಲ ಹೆಚ್ಚಿಸುವುದೆಂದು ತಿಳಿದ ತರುಣ ಮಿತ್ರರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಸೈಲೆನ್ಸರು ಕಿತ್ತ ಮೋಟಾರು ಸೈಕಲ್ಲುಗಳ ಸದ್ದು ಹಾವೇರಿಯ ಬೀದಿಗಳಲ್ಲಿ ದಿನವೂ ಕೇಳಿಬರುತ್ತದೆ. ಅವರಲ್ಲಿ ನನ್ನ ವಿನಂತಿ ಒಂದೇ. ಮೊದಲು ನಿಲ್ಲಿಸುವುದನ್ನು ಸುಧಾರಿಸಿರಿ, ಆಮೇಲೆ ತಿರುಗಿಸುವುದನ್ನು, ಎಲ್ಲಕ್ಕೂ ಕೊನೆಯಲ್ಲಿ ಓಡಿಸುವುದನ್ನು. ಈ ಕ್ರಮದಲ್ಲಿ ನಡೆದವನಿಗೆ ವಾಹನವೂ ಉಳಿಯುತ್ತದೆ, ತಾನೂ ಉಳಿಯುತ್ತಾನೆ.